ಮೈದಾನದ ಮರದ ಮೂಲೆಯಲ್ಲಿ ಕಾರಣವಿಲ್ಲದೆ ಕೂರುವ ಬಗ್ಗೆ

ಇಂದ:
ಮೈದಾನದ ಎದುರು ಮನೆಯ ಗೃಹಿಣಿ
(ಮೈದಾನದ ಧೂಳನ್ನು ಖಾಯಂ ಆಗಿ ಸ್ವೀಕರಿಸುತ್ತಿರುವವಳು)

ಗೆ:
ಮಾನ್ಯ ಕಾರ್ಯದರ್ಶಿಗಳು,
ಮೈದಾನ ನಿರ್ವಹಣಾ ಸಮಿತಿ,
ದೊಡ್ಡ ಗೇಟಿನ ಪಕ್ಕದ ಕೊಠಡಿ

ವಿಷಯ: ಮೈದಾನದ ಮರದ ಮೂಲೆಯಲ್ಲಿ ಯಾವ ಕಾರಣವೂ ಇಲ್ಲದೆ ಕೂರಲು ಅನುಮತಿ ಕೋರಿ.

ಉಲ್ಲೇಖ:
1. ದೊಡ್ಡ ಗೇಟಿನ ಫಲಕ: ‘ಕಾರಣವಿಲ್ಲದೆ ಒಳಗೆ ಬರಕೂಡದು.’
2. ‘ಅನುಪಯುಕ್ತ ಮೂಲೆಯ ಸದುಪಯೋಗ’ ಎಂಬ ತಮ್ಮ ಪ್ರಕಟಣೆ.
3. ತಮ್ಮ ಕಾವಲುಗಾರರು ಅರ್ಜಿದಾರಳಿಗೆ ಬಾಯಿಮಾತಿನಲ್ಲಿ ಹೊರಡಿಸಿದ ‘ಏಳಿ ಅಮ್ಮಾ’ ಎಂಬ ಆದೇಶ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮ ಅವಗಾಹನೆಗೆ ತರುವುದೇನೆಂದರೆ, ಅರ್ಜಿದಾರಳು ಮನೆಯ ಮುಂದಿನ ಕಿಟಕಿಯ ಸರಳುಗಳನ್ನು ಒದ್ದೆ ಬಟ್ಟೆಯಿಂದ ಒರೆಸುತ್ತಿದ್ದು, ಅರ್ಧ ಕಿಟಕಿ ಮುಗಿದು ಇನ್ನರ್ಧ ಬಾಕಿಯಿರುವಾಗ, ಆಚೆ ಮರದ ಮೂಲೆಯಲ್ಲಿ ಇಬ್ಬರು ಟೇಪು ಹಿಡಿದು ಅಳೆಯುತ್ತಿರುವುದನ್ನೂ ಮೂರನೆಯವನು ಗೂಟ ಹೊಡೆಯುತ್ತಿರುವುದನ್ನೂ ಕಂಡಳು. ಆದಕಾರಣ, ಉಳಿದರ್ಧ ಕಿಟಕಿಯನ್ನು ಹಾಗೆಯೇ ಬಿಟ್ಟು ಈ ಅರ್ಜಿಯನ್ನು ಸಲ್ಲಿಸಲಾಗುತ್ತಿದೆ.

1. ಮೊದಲಿಗೆ ಧೂಳಿನ ವಿಚಾರ. ಅರ್ಜಿದಾರಳು ಸೊಸೆಯಾಗಿ ಈ ಮನೆಗೆ ಬಂದಾಗಿನಿಂದ ಮೈದಾನವನ್ನು ದಿನವೂ ಪೊರಕೆಯಲ್ಲಿ ಒಟ್ಟುಮಾಡಿ ಹೊರಗೆ ಚೆಲ್ಲುತ್ತಿದ್ದಾಳೆ. ಸಂಜೆಯ ಗಾಳಿಗೆ ಅದು ಮತ್ತೆ ಮನೆಗೆ ಬರುತ್ತದೆ. ಮೈದಾನವು ಅರ್ಜಿದಾರಳ ಮನೆಯೊಳಗೆ ಬರುವಾಗ ಯಾವತ್ತಾದರೂ ಕಾರಣ ತಿಳಿಸಿದ್ದುಂಟೇ ಎಂಬುದನ್ನು ತಾವು ದಯವಿಟ್ಟು ಪರಿಶೀಲಿಸಬಹುದು.

2. ತಾವು ಹೊರತಂದಿರುವ ದಪ್ಪ ಸ್ಮರಣ ಸಂಚಿಕೆಯಲ್ಲಿ ಮೈದಾನದ ಇತಿಹಾಸ ಹೀಗೆ ಶುರುವಾಗುತ್ತದೆ: ‘ಸೈನ್ಯ ಬರುವ ಮೊದಲು ಈ ಜಾಗ ಖಾಲಿ ಬಿದ್ದಿತ್ತು.’ ಈ ವಾಕ್ಯವನ್ನು ಅರ್ಜಿದಾರಳು ತನ್ನ ಅತ್ತೆಯವರಿಗೆ ಓದಿ ಹೇಳಿದಾಗ ಅವರು ನಕ್ಕು ಕೆಮ್ಮು ಹತ್ತಿಸಿಕೊಂಡರು. ಅವರ ಅತ್ತೆಯ ಕಾಲದಲ್ಲಿ ಬೀದಿಯ ಹೆಂಗಸರೆಲ್ಲ ಅಲ್ಲಿ ಬಟ್ಟೆ ಒಣಹಾಕುತ್ತಿದ್ದರು, ಹಸು ಮೇಯಿಸುತ್ತಿದ್ದರು, ಎಳೆಬಿಸಿಲಿನಲ್ಲಿ ತಲೆ ಬಾಚಿಕೊಳ್ಳುತ್ತಿದ್ದರು, ಮನೆಯಲ್ಲಿ ಆಡಲಾಗದ ಜಗಳಗಳನ್ನು ಅಲ್ಲಿ ಬಂದು ಆಡಿ ಮುಗಿಸುತ್ತಿದ್ದರು. ಒಬ್ಬಾಕೆಗೆ ಅಲ್ಲೇ ಹೆರಿಗೆಯೂ ಆಗಿತ್ತಂತೆ.

“ಖಾಲಿ ಅಂದ್ರೆ ಗಂಡಸರು ಇರ್ಲಿಲ್ಲ ಅಂತ ಅರ್ಥ ಕಣೇ,” ಎಂದು ಅತ್ತೆ ವಿವರಣೆ ಕೊಟ್ಟರು. ಮುಂದಿನ ಮುದ್ರಣದಲ್ಲಿ ಈ ವಿವರಣೆಯನ್ನು ಅಡಿಟಿಪ್ಪಣಿಯಾಗಿ ಸೇರಿಸಲು ಅರ್ಜಿದಾರಳ ಅಭ್ಯಂತರವಿಲ್ಲ.

3. ಆಮೇಲೆ ಎಲ್ಲೋ ದೂರದಲ್ಲಿ ಯುದ್ಧವಾಯಿತು, ಇಲ್ಲಿ ಡೇರೆ ಬಿದ್ದವು. ಸೈನ್ಯವು ‘ತಾತ್ಕಾಲಿಕವಾಗಿ’ ಎಂದು ಅರ್ಜಿ ಹಾಕಿ ಬಂತು. ಬಟ್ಟೆ ಒಣಹಾಕುವ ಹಗ್ಗಗಳನ್ನು ಬಿಚ್ಚಿ ಅದೇ ಹಗ್ಗದಲ್ಲಿ ಕುದುರೆ ಕಟ್ಟಿದರು. ಆಗ ಹೊಸ ಮದುವಣಗಿತ್ತಿಯಾಗಿದ್ದ ಅತ್ತೆ ಕಹಳೆ ಊದಿದಾಗ ಏಳುತ್ತಿದ್ದರು, ಎರಡನೇ ಕಹಳೆಗೆ ಒಲೆ ಹಚ್ಚುತ್ತಿದ್ದರು, ಮೂರನೆಯದಕ್ಕೆ ಮಾವನವರ ಮುಂದೆ ತಟ್ಟೆ ಇಡುತ್ತಿದ್ದರು. ಸೈನ್ಯಕ್ಕೆ ಸೇರದೆಯೂ ಅಷ್ಟು ಶಿಸ್ತಿನಿಂದ ಸೇವೆ ಸಲ್ಲಿಸಿದ ಅವರಿಗೆ ಪದಕವೇನೂ ಬರಲಿಲ್ಲ. ಫಿರಂಗಿಯ ಅಭ್ಯಾಸದಲ್ಲಿ ಕಿಟಕಿಯ ಗಾಜು ಸೀಳಿತು. ದೂರು ಕೊಟ್ಟಾಗ, ‘ಸದರಿ ಗಾಜು ಒಡೆದಿರುವುದು ಫಿರಂಗಿಯ ಸದ್ದಿನಿಂದಲ್ಲ, ಗಾಜಿನ ಸ್ವಂತ ದೌರ್ಬಲ್ಯದಿಂದ’ ಎಂಬ ಉತ್ತರ ಬಂತು. ಅಂದಿನಿಂದ ನಮ್ಮ ಮನೆಯಲ್ಲಿ ಯಾರು ಯಾರ ಮನಸ್ಸು ನೋಯಿಸಿದರೂ ಇದೇ ಉತ್ತರವನ್ನು ಬಳಸಲಾಗುತ್ತಿದೆ.

ಯುದ್ಧ ಮುಗಿಯಿತು. ಡೇರೆಗಳು ಗೋಡೆಗಳಾದವು. ಅರ್ಜಿ ಪರಿಶೀಲನೆಯಲ್ಲಿಯೇ ಇತ್ತು.

4. ಸೈನ್ಯಾಧಿಕಾರಿಗಳಿಗೆ ಸಂಜೆ ಬೇಸರವಾಗುತ್ತಿದ್ದ ಕಾರಣ ಚೆಂಡಾಟದ ಕ್ಲಬ್ಬು ಹುಟ್ಟಿತು. ಆಟಕ್ಕೆ ನೆರಳು ಬೇಕಾದ ಕಾರಣ ಗ್ಯಾಲರಿ ಬಂತು. ಗ್ಯಾಲರಿಗೆ ಜನ ಬೇಕಾದ ಕಾರಣ, ವರ್ಷಕ್ಕೊಮ್ಮೆ ಹೆಂಗಸರನ್ನೂ ಒಳಗೆ ಬಿಟ್ಟು ಚಪ್ಪಾಳೆ ತಟ್ಟುವ ಅವಕಾಶ ಕಲ್ಪಿಸಲಾಯಿತು. ಇದನ್ನು ತಮ್ಮ ಸಂಚಿಕೆ ‘ಕ್ರೀಡೆಯಲ್ಲಿ ಮಹಿಳೆಯರು’ ಎಂಬ ಅಧ್ಯಾಯದಲ್ಲಿ ವಿವರಿಸಿದೆ. ಅಧ್ಯಾಯ ಅರ್ಧ ಪುಟ. ಉಳಿದರ್ಧ ಪುಟ ಬೂಟಿನಂಗಡಿಯ ಜಾಹೀರಾತು.

ಅರ್ಜಿದಾರಳೂ ಕ್ರೀಡೆಗೆ ಸೇವೆ ಸಲ್ಲಿಸಿದ್ದಾಳೆ. “ಆಂಟೀ, ಬಾಲ್!” ಎಂದು ಆಡುವ ಹುಡುಗರು ಕೂಗಿದಾಗಲೆಲ್ಲ ಕೈಯ ಹಿಟ್ಟು ತೊಳೆದುಕೊಳ್ಳದೆ ಓಡಿಹೋಗಿ ಚೆಂಡು ಎಸೆದಿದ್ದಾಳೆ. ಒಮ್ಮೆ ಅದು ಬೇಲಿ ದಾಟಿ, ಮಧ್ಯದ ಗೆರೆಯವರೆಗೂ ಹೋಗಿ ಬಿತ್ತು. ಹುಡುಗರು ಬಾಯಿ ಬಿಟ್ಟು ನಿಂತರು. “ಆಂಟಿ, ನೀವು ಆಡ್ತಿದ್ರಾ?” ಎಂದು ಒಬ್ಬ ಕೇಳಿದ. ಒಲೆಯ ಮೇಲೆ ಹಾಲಿದ್ದ ಕಾರಣ ಉತ್ತರಿಸಲಾಗಲಿಲ್ಲ.

5. ಇತ್ತೀಚೆಗೆ ಅಂಚಿನ ಸುತ್ತ ಇಟ್ಟಿಗೆ ಹಾಸಿ ನಡಿಗೆದಾರರ ಸಂಘದವರಿಗೆ ಕೊಡಲಾಗಿದೆ. ಅರ್ಜಿದಾರಳ ಪತಿ ಈ ಸಂಘದ ಉಪಾಧ್ಯಕ್ಷರು. ಬಿಳಿ ಬೂಟು ಹಾಕಿಕೊಂಡು ನಾಲ್ಕು ಹೆಜ್ಜೆ ನಡೆದು, ನಿಂತು, ದೇಶದ ಬಗ್ಗೆ ಮಾತಾಡಿ, ಮತ್ತೆ ನಾಲ್ಕು ಹೆಜ್ಜೆ ನಡೆಯುತ್ತಾರೆ. ತಾನೂ ಬರುವೆನೆಂದಾಗ, “ನೀನು ಮನೇಲೇ ಅಷ್ಟು ಓಡಾಡ್ತೀಯಲ್ಲ, ನಿನಗ್ಯಾಕೆ ವಾಕಿಂಗು?” ಎಂದು ಅವರು ಅರ್ಜಿಯನ್ನು ಸ್ಥಳದಲ್ಲೇ ವಿಲೇವಾರಿ ಮಾಡಿದರು. ತಮ್ಮ ಸಮಿತಿಗಿಂತ ಅವರು ಚುರುಕು.

6. ಇನ್ನು ಮರದ ಮೂಲೆ. ಸೈನ್ಯದ ಗೋಡೆ ತಿರುಗುವಲ್ಲಿ, ಆಟದ ಗೆರೆ ಮುಗಿದ ಮೇಲೆ, ಇಟ್ಟಿಗೆಯ ದಾರಿ ಬಳಸಿಕೊಂಡು ಹೋಗುವ ಸ್ವಲ್ಪ ಜಾಗ ಯಾರ ಲೆಕ್ಕಕ್ಕೂ ಸಿಗದೆ ಉಳಿದಿದೆ. ಅತ್ತೆಯವರು ಕಡೆಯ ದಿನಗಳಲ್ಲಿ, ಮಧ್ಯಾಹ್ನ ಪಾತ್ರೆ ಕವುಚಿಟ್ಟಾದ ಮೇಲೆ, “ಬಾರೇ, ಸ್ವಲ್ಪ ಸುಮ್ನೆ ಕೂತು ಬರೋಣ,” ಎನ್ನುತ್ತಿದ್ದರು. ಹಳೇ ಚಾಪೆ ಹಿಡಿದು ಇಬ್ಬರೂ ಹೋಗುತ್ತಿದ್ದೆವು, ಅರ್ಥಾತ್ ಅತ್ತೆಯವರು ಮತ್ತು ಅರ್ಜಿದಾರಳು ಹೋಗುತ್ತಿದ್ದರು. ಕೈಯಲ್ಲಿ ಬಿಡಿಸಲು ಸೊಪ್ಪಾಗಲೀ ಹೊಲಿಯಲು ಗುಂಡಿಯಾಗಲೀ ಇಲ್ಲ. ಮನೆಯಿಂದ ಯಾರು ಕೂಗಿದರೂ ಅಲ್ಲಿಗೆ ಕೇಳಿಸುತ್ತಿರಲಿಲ್ಲ. ಜೀವಮಾನವಿಡೀ ಒಬ್ಬರನ್ನೊಬ್ಬರು ಸಹಿಸಿಕೊಂಡಿದ್ದ ಅತ್ತೆ ಸೊಸೆಗೆ ಅಲ್ಲಿ ಸಹಿಸಿಕೊಳ್ಳುವಂಥದ್ದು ಏನೂ ಇರಲಿಲ್ಲ.

ಅತ್ತೆಯವರು ಈಗಿಲ್ಲ. ಚಾಪೆ ಇದೆ.

7. ಅವರು ಹೋದ ಮೇಲೆ ಅರ್ಜಿದಾರಳು ಒಬ್ಬಳೇ ಹೋಗಿ ಕೂರತೊಡಗಿದಳು. ಅಷ್ಟರಲ್ಲಿ ತಮ್ಮ ಹೊಸ ಫಲಕವೂ ಕಾವಲುಗಾರರೂ ಬಂದಿದ್ದರು. ನಡೆದ ಸಂಭಾಷಣೆ ಈ ಕೆಳಗಿನಂತಿದೆ:

“ಏಳಿ ಅಮ್ಮಾ. ಏನು ಮಾಡ್ತಿದ್ದೀರಿ ಇಲ್ಲಿ?”

“ಏನೂ ಮಾಡ್ತಿಲ್ಲಪ್ಪ. ಕೂತಿದ್ದೀನಿ.”

“ಅದೇ, ಯಾಕೆ ಕೂತಿದ್ದೀರಿ?”

“ಸುಮ್ನೆ.”

“ಪುಸ್ತಕದಲ್ಲಿ ಕಾರಣ ಬರೀಬೇಕಮ್ಮ. ಸೈನ್ಯ ಅಂತ ಬರೀಬಹುದು, ಆಟ ಅಂತ ಬರೀಬಹುದು, ನಡಿಗೆ ಅಂತ ಬರೀಬಹುದು.”

“ಸುಮ್ನೆ ಅಂತ ಬರ್ಕೊಳ್ಳಿ.”

“ಹಾಗೆ ಬರೆದ್ರೆ ಸಾಹೇಬ್ರು ನನ್ನನ್ನೇ ಸುಮ್ನೆ ಮನೇಲಿ ಕೂರಿಸ್ತಾರೆ! ಮಂಡಿನೋವು ಅಂತ ಬರೀಲಾ? ಇಲ್ಲಾ ಯಾರಿಗಾದ್ರೂ ಕಾಯ್ತಿದ್ದೀರಾ?”

“ಮಂಡಿ ಚೆನ್ನಾಗಿದೆ. ಯಾರೂ ಬರೋದಿಲ್ಲ.”

ಕಾವಲುಗಾರರು ಪುಸ್ತಕ ಬಿಡಿಸಿದರು. “ನಮ್ಮನೆಯವಳೂ ಹಿಂಗೇ, ಬಾಗಿಲ ಹತ್ರ ಕೂತ್ಬಿಡ್ತಾಳೆ. ಕೇಳಿದ್ರೆ ಏನಿಲ್ಲ ಅಂತಾಳೆ,” ಎಂದು ತಮ್ಮಷ್ಟಕ್ಕೇ ಹೇಳಿಕೊಂಡು, ಕಾರಣದ ಕಾಲಮ್ಮಿನಲ್ಲಿ ‘ಇತರೆ’ ಎಂದು ಬರೆದರು. ಈ ಉದಾರತೆಗಾಗಿ ಅವರ ಮೇಲೆ ಯಾವ ಕ್ರಮವನ್ನೂ ಕೈಗೊಳ್ಳಬಾರದಾಗಿ ಕೋರಿದೆ. ಅಂದಿನಿಂದ ತಮ್ಮ ಪುಸ್ತಕದಲ್ಲಿ ಅರ್ಜಿದಾರಳು ‘ಇತರೆ’ಯಾಗಿ ಮುಂದುವರಿಯುತ್ತಿದ್ದಾಳೆ.

8. ಹೀಗಿರುವಾಗ, ತಮ್ಮ ಪ್ರಕಟಣೆಯಂತೆ ಸದರಿ ಮೂಲೆಯಲ್ಲಿ ಮರ ಕಡಿದು, ಕಟ್ಟೆ ಕಟ್ಟಿ, ಹಳೆಯ ಫಿರಂಗಿಯೊಂದನ್ನು ಇರಿಸಿ, ಜನರು ಅದರೊಂದಿಗೆ ಫೋಟೋ ತೆಗೆಸಿಕೊಳ್ಳಲು ಅನುವು ಮಾಡಿಕೊಡಲಾಗುವುದು. ಕೆಲಸವಿಲ್ಲದ ಫಿರಂಗಿಗೆ ಏನೂ ಮಾಡದೆ ಕೂರಲು ಜಾಗವಿದೆ, ಕಟ್ಟೆಯೂ ಇದೆ, ಸುತ್ತ ಹೂಗಿಡವೂ ಇದೆ. ನಮ್ಮ ಕಿಟಕಿಯ ಗಾಜು ಒಡೆದ ಫಿರಂಗಿ ಇದೇ ಇರಬಹುದೆಂದು ಅರ್ಜಿದಾರಳ ಗುಮಾನಿ. ಅದು ತನ್ನ ಕಾರಣವನ್ನು ಪುಸ್ತಕದಲ್ಲಿ ಏನೆಂದು ಬರೆಸುತ್ತದೆಂದು ತಿಳಿಯುವ ಕುತೂಹಲವಿದೆ.

9. ಇನ್ನು ಕಾನೂನಿನ ಅಂಶ. ಸೈನ್ಯದ ಮೊದಲ ಅರ್ಜಿಯ ಮೇಲೆ ತಮ್ಮ ಸಮಿತಿ ಬರೆದ ಷರಾವನ್ನು ಸ್ಮರಣ ಸಂಚಿಕೆ ಹೆಮ್ಮೆಯಿಂದ ಅಚ್ಚು ಹಾಕಿದೆ: ‘ಅರ್ಜಿ ಪರಿಶೀಲನೆಯಲ್ಲಿರುವ ತನಕ ಅರ್ಜಿದಾರರು ಇದ್ದಲ್ಲಿಯೇ ಇರತಕ್ಕದ್ದು, ಅವರನ್ನು ಎಬ್ಬಿಸತಕ್ಕದ್ದಲ್ಲ.’ ಇದೇ ಷರಾದ ಮೇಲೆ ಕ್ಲಬ್ಬು ನಿಂತಿದೆ. ಇದರ ಮೇಲೆಯೇ ಅರ್ಜಿದಾರಳ ಪತಿ ನಡೆಯುತ್ತಿದ್ದಾರೆ. “ಅರ್ಜಿ ಕೊಟ್ಟು ಮುದ್ರೆ ಹಾಕಿಸ್ಕೊಂಡ್ರೆ ಮುಗೀತು ಕಣೇ. ಈ ಸಮಿತಿ ತೀರ್ಮಾನ ಮಾಡಿದ್ದನ್ನ ನಮ್ಮಪ್ಪನೂ ನೋಡಿಲ್ಲ,” ಎಂದು ಅವರು ಬೂಟು ಬಿಚ್ಚುತ್ತ ಹೇಳಿದ್ದುಂಟು. ಹೇಳಿದ್ದು ಯಾರಿಗೆ ಎಂಬುದನ್ನು ಅವರು ಮರೆತಿದ್ದಾರೆ.

10. ಈ ಅರ್ಜಿ ಬರೆಯುವಾಗ ಸದರಿ ಪತಿ ಒಳಗೆ ಬಂದು, “ಕಿಟಕಿ ಅರ್ಧಕ್ಕೇ ಬಿಟ್ಟಿದ್ದೀಯಲ್ಲ, ಏನು ಬರೀತಿದ್ದೀಯಾ?” ಎಂದು ಕೇಳಿದರು. “ಏನಿಲ್ಲ, ಸುಮ್ನೆ,” ಎಂದು ಉತ್ತರಿಸಲಾಯಿತು. ಉತ್ತರ ಸತ್ಯವಾಗಿದೆ. ಉಳಿದರ್ಧ ಕಿಟಕಿಯ ಬಗ್ಗೆ ಅರ್ಜಿದಾರಳು ಒಂದು ತೀರ್ಮಾನಕ್ಕೆ ಬಂದಿದ್ದು, ಅದನ್ನು ಮನೆಯಲ್ಲಿ ಯಾರಿಗೂ ತಿಳಿಸಿಲ್ಲ. ತಮಗೂ ತಿಳಿಸುವ ಅಗತ್ಯ ಕಾಣುವುದಿಲ್ಲ.

ಆದ್ದರಿಂದ, ಮೇಲಿನ ಎಲ್ಲ ಕಾರಣಗಳಿಂದಾಗಿ, ಮತ್ತು ಕೂರಲು ಯಾವ ಕಾರಣವೂ ಇಲ್ಲದ ಕಾರಣ, ಮಾನ್ಯರು ಈ ಅರ್ಜಿಯನ್ನು ಮಂಜೂರು ಮಾಡಬಾರದಾಗಿಯೂ, ತಿರಸ್ಕರಿಸಬಾರದಾಗಿಯೂ, ಸೈನ್ಯದ ಅರ್ಜಿಯ ಕೆಳಗೆ, ಕ್ಲಬ್ಬಿನ ಅರ್ಜಿಯ ಪಕ್ಕದಲ್ಲಿಟ್ಟು ತಮ್ಮ ಎಂದಿನ ವೇಗದಲ್ಲಿ ಪರಿಶೀಲಿಸುತ್ತಲೇ ಇರಬೇಕಾಗಿಯೂ ಅರ್ಜಿದಾರಳು ಕೈಮುಗಿದು ಕೇಳಿಕೊಳ್ಳುತ್ತಾಳೆ. ತಮಗೆ ಆತುರವಿಲ್ಲವೆಂದು ಬಲ್ಲಳು. ಅವಳಿಗೂ ಇಲ್ಲ.

ಇಂತಿ, ತಮ್ಮ ಮೇಲೆ ಈ ಒಂದು ವಿಷಯದಲ್ಲಿ ಪೂರ್ಣ ವಿಶ್ವಾಸವುಳ್ಳ,
ಇತರೆ

ಅಡಕಗಳು:
1. ಧೂಳು, ಒಂದು ಪೊಟ್ಟಣ (ಮೈದಾನದ್ದೇ, ವಾಪಸು ಮಾಡಲಾಗಿದೆ).
2. ಸೀಳಿದ ಗಾಜಿನ ಚೂರು, ಅದರ ಸ್ವಂತ ದೌರ್ಬಲ್ಯದ ಸಮೇತ.
3. ಮರದ ಮೂಲೆಯಲ್ಲಿ ಹೊಡೆದಿದ್ದ ಗೂಟಗಳು. ಸಡಿಲವಾಗಿದ್ದವು.
4. ಚಾಪೆ: ಲಗತ್ತಿಸಿಲ್ಲ. ಬಳಕೆಯಲ್ಲಿದೆ.