ಗೋಡೆಗೆ ನೀರು ಹಾಯಿಸಿದ ಕಲಾಪೋಷಕ

ಬಾಡಿಗೆದಾರರನ್ನು ಮುಖ ನೋಡಿಯೇ ಅಳೆಯುವ ವಿದ್ಯೆಯಲ್ಲಿ ನನ್ನನ್ನು ಮೀರಿಸುವವರು ಸಿಂಗಸಂದ್ರದಲ್ಲಿ ಇಲ್ಲ ಎಂದು ನಾನು ಬಹಳ ಕಾಲ ನಂಬಿದ್ದೆ. ನಮ್ಮಪ್ಪ ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ನಾನು ಮನೆ ಬೆಳೆದಿದ್ದೇನೆ. ಗೊಬ್ಬರ ಬೇಡ, ಕಳೆ ಕೀಳಬೇಕಾಗಿಲ್ಲ, ಹುಳದ ಕಾಟವಿಲ್ಲ. ಈ ಬೆಳೆಯಲ್ಲಿರುವ ಒಂದೇ ತೊಂದರೆ ಎಂದರೆ ಒಳಗೆ ಜನ ಇರುತ್ತಾರೆ!

ಮೇಲಿನ ಮಹಡಿಯ ಮನೆ ಖಾಲಿ ಇದ್ದಾಗ ಸಂಜೋತಾ ಎಂಬ ಹುಡುಗಿ ಕೇಳಿಕೊಂಡು ಬಂದಳು. ಗದಗದ ಕಡೆಯವಳು.

"ಏನ್ ಕೆಲ್ಸ ತಾಯಿ?" ಎಂದೆ.

"ಸಮಕಾಲೀನ ಕಲಾವಿದೆ ಅದೀನ್ರಿ."

ಸಕಾಲಕ್ಕೆ ಬಾಡಿಗೆ ಕೊಡುವ ಕಲಾವಿದೆ ಎಂದು ಅರ್ಥ ಮಾಡಿಕೊಂಡ ನಾನು ಅಲ್ಲೇ ಬೀಗದ ಕೈ ಕೊಟ್ಟುಬಿಟ್ಟೆ. ನನ್ನ ಹೆಂಡತಿ ಜಯಮ್ಮ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ತಂಗಿಯ ಮಗಳ ಮದುವೆಗೆ ಹೆಣ್ಣಿನ ಮೇಕಪ್ಪು ನೀನೇ ಮಾಡಬೇಕು ಕಣಮ್ಮ ಎಂದು ಹೇಳಿಟ್ಟಳು. ಆ ಹುಡುಗಿ ನಕ್ಕಳು. ಒಳ್ಳೆಯ ಸ್ವಭಾವ ಎಂದುಕೊಂಡೆವು.

ಆ ಮನೆಯ ಹಾಲ್‌ನಲ್ಲಿ ಒಂದು ಸಣ್ಣ ಸಮಸ್ಯೆ ಇತ್ತು. ತಾರಸಿಯ ಮೇಲಿನ ನೀರಿನ ಟ್ಯಾಂಕು ಸರಿಯಾಗಿ ಆ ಗೋಡೆಯ ಮೇಲೇ ಕೂತಿದೆ. ಅದರ ನೀರು ಗೋಡೆಯೊಳಗೆ ಇಳಿದು, ಬಣ್ಣ ಉಬ್ಬಿ, ಸುಣ್ಣ ಉದುರಿ, ಹಾಲ್‌ನ ಅರ್ಧ ಗೋಡೆ ಒಂದು ದೊಡ್ಡ ಕಲೆಯಾಗಿತ್ತು. ಹಿಂದೆ ಇದ್ದ ಬಾಡಿಗೆದಾರರೆಲ್ಲ ಇದಕ್ಕಾಗಿ ನನ್ನನ್ನು ಮೆಟ್ಟಿಲ ಮೇಲೆ ಅಡ್ಡ ಹಾಕುತ್ತಿದ್ದರು. ನಾನು ಕಿವಿಗೆ ಫೋನ್ ಹಿಡಿದು, ಆಚೆ ಕಡೆ ಯಾರೂ ಇಲ್ಲದಿದ್ದರೂ ಬಹಳ ಗಂಭೀರವಾಗಿ ಮಾತಾಡುತ್ತಾ ಇಳಿದು ಹೋಗುತ್ತಿದ್ದೆ. ಈ ಹುಡುಗಿ ಮಾತ್ರ ಒಂದು ದಿನವೂ ದೂರು ಹೇಳಲಿಲ್ಲ. ಎದುರಾದರೆ "ಅರಾಮ ಏನ್ರಿ ಅಂಕಲ್" ಎನ್ನುವಳು, ಅಷ್ಟೇ. ಇಂಥ ಬಾಡಿಗೆದಾರರು ಸಿಗಬೇಕಾದರೆ ಪುಣ್ಯ ಮಾಡಿರಬೇಕು ಎಂದು ಬೀದಿಯಲ್ಲೆಲ್ಲ ಹೇಳಿಕೊಂಡು ಓಡಾಡಿದೆ.

ಒಂದು ದಿನ ಕ್ಯಾಮೆರಾ ಹೊತ್ತುಕೊಂಡು ಇಬ್ಬರು ಬಂದರು. ಈ ಕಾಲದ ಕಲಾವಿದರನ್ನು ಹುಡುಕಿ, ಅವರಿಗೆ ಸ್ಫೂರ್ತಿ ಎಲ್ಲಿಂದ ಬರುತ್ತದೆ ಎಂದು ಕೇಳಿ ವಿಡಿಯೊ ಮಾಡುವವರಂತೆ. ದಾರಿ ತೋರಿಸುವ ನೆಪದಲ್ಲಿ ನಾನೂ ಮೇಲಕ್ಕೆ ಹೋದೆ. ದಾರಿ ಎಂದರೆ ಇರುವುದು ಒಂದೇ ಮೆಟ್ಟಿಲು. ಆದರೂ ತೋರಿಸಿದೆ. ತೋರಿಸಿದ ಮೇಲೆ ಕುರ್ಚಿ ಎಳೆದುಕೊಂಡು ಕೂತೆ.

ಸಂಜೋತಾ ತನ್ನ ಚಿತ್ರಗಳನ್ನು ಸಾಲಾಗಿ ಒರಗಿಸಿಟ್ಟಿದ್ದಳು. ಆಳೆತ್ತರದ ಕಾಗದಗಳು. ಅವುಗಳ ಮೇಲೆ ಸುಣ್ಣ, ಕೆಮ್ಮಣ್ಣು, ಮಸಿ. ದೇವರಿಲ್ಲ, ಹೂವಿಲ್ಲ, ನೀರು ಹೊತ್ತ ಹೆಂಗಸಿಲ್ಲ. ಇದೇನು ಕಲೆಯೋ ಎಂದು ನಾನು ಮೂಗು ಮುರಿಯುವಷ್ಟರಲ್ಲಿ ಕ್ಯಾಮೆರಾದ ಮೇಡಂ ಕೇಳಿದರು.

"ನಿಮಗೆ ಸ್ಫೂರ್ತಿ ಯಾವುದು?"

ತಾಯಿ ಎನ್ನುತ್ತಾಳೆ, ಇಲ್ಲವೇ ಪ್ರಕೃತಿ ಎನ್ನುತ್ತಾಳೆ ಎಂದು ನಾನು ಕಾಯುತ್ತಿದ್ದೆ. ಅವಳು ಎದ್ದು ಹೋಗಿ ಗೋಡೆಯ ಮೇಲೆ ಅಂಗೈ ಇಟ್ಟಳು.

"ಈ ಗ್ವಾಡಿ ರೀ. ಸುತ್ತ ಎಲ್ಲಾ ಕಡೆ ಗಾಜಿನ ಬಿಲ್ಡಿಂಗ್ ಅದಾವ. ಅಲ್ಲಿ ಒಂದ್ ಗೆರಿ ಬಿದ್ರೂ ಒರಸ್ತಾರ. ಇಲ್ಲಿ ಇದೊಂದ ನೋಡ್ರಿ, ಯಾರನ್ನೂ ಕೇಳದ ತಾನ ಬೆಳೀತೈತಿ. ದಿನಾ ಬ್ಯಾರೆ. ನಾನು ಬರೇ ಇದರ ಹಿಂದ ಹೊಂಟೇನಿ."

ಕತ್ತು ತಿರುಗಿಸಿ ಚಿತ್ರಗಳನ್ನು ಮತ್ತೆ ನೋಡಿದೆ. ಅಯ್ಯೋ ದೇವರೇ! ಅದು ನಮ್ಮ ಹಾಲ್‌ನ ಮೂಲೆ! ಅದು ಬಚ್ಚಲಿನ ಬಾಗಿಲ ಪಕ್ಕದ್ದು! ಕನ್ನಡದಲ್ಲಿ ಗೋಡೆಯ ಕಲೆಗೂ ಕಲಾವಿದರ ಕಲೆಗೂ ಒಂದೇ ಪದ ಯಾಕಿದೆ ಎಂಬುದು ನನಗೆ ಆ ಕ್ಷಣ ಹೊಳೆಯಿತು.

"ಈ ಗೋಡೆ ಯಾರದು?" ಎಂದರು ಮೇಡಂ.

"ನಂದೇ ಮೇಡಂ!" ಎಂದು ಎದ್ದು ನಿಂತೆ.

"ಇದನ್ನ ಹೀಗೆ ಉಳಿಸಿಕೊಂಡು ಬಂದಿದ್ದೀರಲ್ಲ, ಹೇಗೆ ಸಾಧ್ಯವಾಯಿತು?"

"ಏನೂ ಮಾಡ್ಬಾರ್ದು ಮೇಡಂ. ಅಂಗೇ ಬಿಟ್ಬಿಡ್ಬೇಕು. ಅದೇ ಇದರ ಗುಟ್ಟು."

ಆ ವಿಡಿಯೊ ನಮ್ಮ ನೆಂಟರ ವಾಟ್ಸಾಪ್ ಗುಂಪುಗಳಲ್ಲೆಲ್ಲ ಓಡಾಡಿತು. ಅವತ್ತಿನಿಂದ ನನ್ನ ನಡಿಗೆಯೇ ಬದಲಾಯಿತು. ಬಾಡಿಗೆ ಮನೆ ಮುನಿರಾಜು ಹೋಗಿ ಕಲಾಪೋಷಕ ಮುನಿರಾಜು ಆಗಿದ್ದೆ. ಬೇಕರಿ ಮುಂದೆ ಸಿಕ್ಕ ಪಿಳ್ಳಪ್ಪ, ಅವನೂ ನನ್ನಂತೆ ಬಾಡಿಗೆ ಕಟ್ಟಡದ ಒಡೆಯ, ಹೊಟ್ಟೆಕಿಚ್ಚಿನಿಂದ ಹೇಳಿದ:

"ನಮ್ಮನೆ ಬಚ್ಚಲಲ್ಲೂ ಐತೆ ಕಣಪ್ಪ. ನಿನ್ನದಕ್ಕಿಂತ ದೊಡ್ಡದು."

"ನಿಂದು ಬರೀ ತೇವ ಕಣಯ್ಯ. ನಂದು ಕಲಾಕೃತಿ," ಎಂದು ಬನ್ನು ಕಚ್ಚಿಕೊಂಡು ಹೊರಟೆ.

ಅಷ್ಟರಲ್ಲಿ ಸಂಜೋತಾಳ ಚಿತ್ರಗಳಿಗೆ ವೈಟ್‌ಫೀಲ್ಡ್‌ನ ಒಂದು ಗ್ಯಾಲರಿಯಲ್ಲಿ ಪ್ರದರ್ಶನ ಗೊತ್ತಾಯಿತು. ಅವಳ ಮೊದಲ ದೊಡ್ಡ ಪ್ರದರ್ಶನವಂತೆ. ಬಾಗಿಲಲ್ಲೇ ಒಂದು ಬೋರ್ಡು ಹಾಕಿ, ಅದರಲ್ಲಿ ನನ್ನ ಹೆಸರು ಬರೆದು ಕೃತಜ್ಞತೆ ಹೇಳುತ್ತೇನೆ ಎಂದಳು. ವೈಟ್‌ಫೀಲ್ಡ್‌ನಲ್ಲಿ ನನ್ನ ಹೆಸರು! ನಾನು ಹೊಸ ಬಿಳಿ ಶರ್ಟು ಹೊಲಿಸಿಕೊಂಡೆ.

ಆದರೆ ಬೇಸಿಗೆ ಬಂತು. ಒಂದು ಬೆಳಗ್ಗೆ ಮೆಟ್ಟಿಲ ಮೇಲೆ ಸಿಕ್ಕ ಸಂಜೋತಾ ಮಾತಿನ ನಡುವೆ ಹೇಳಿದಳು: "ಗ್ವಾಡಿ ಒಣಗಾಕತ್ತೈತ್ರಿ ಅಂಕಲ್. ಕಡೀದೊಂದು ಚಿತ್ರ ಹಂಗ ನಿಂತೈತಿ."

ಅವಳು ಹೇಳಿ ಹೋದಳು. ನನಗೆ ಅನ್ನ ಸೇರಲಿಲ್ಲ. ನನ್ನ ಕಾಲದಲ್ಲೇ, ನನ್ನ ಗೋಡೆಯಲ್ಲೇ ಕಲೆ ಒಣಗಿ ಹೋದರೆ ನಾಡು ನನ್ನನ್ನು ಕ್ಷಮಿಸುವುದೇ? ನಾನು ಎಷ್ಟಾದರೂ ರೈತನ ಮಗ. ಒಣಗಿದ್ದಕ್ಕೆ ನೀರು ಹಾಯಿಸುವುದು ನಮ್ಮ ರಕ್ತದಲ್ಲೇ ಇದೆ.

ಬಕೆಟ್ ಹಿಡಿದು ತಾರಸಿಗೆ ಹೊರಟಾಗ ಜಯಮ್ಮ ತಡೆದಳು.

"ಎಲ್ಲಿಗೆ?"

"ಗೋಡೆಗೆ ನೀರು ಬಿಡಕ್ಕೆ."

"ತುಳಸಿ ಗಿಡಕ್ಕೆ ಒಂದ್ ಚೊಂಬು ಜಾಸ್ತಿ ಹಾಕಿದ್ರೆ ಟ್ಯಾಂಕರ್ ನೀರು ಟ್ಯಾಂಕರ್ ನೀರು ಅಂತ ಬಡ್ಕೊಂತೀರಾ. ಈಗ ಗೋಡೆಗಾ?"

"ನಿಂಗೆ ಕಲೆ ಅರ್ಥ ಆಗಲ್ಲ ಕಣೆ."

"ಬ್ಯಾಡ ಬಿಡಿ. ಅರ್ಥ ಆದೋರು ಇಂಗಾಗ್ತಾರೆ ಅಂದ್ರೆ ನಂಗೆ ಆಗದೇ ಇರೋದೇ ವಾಸಿ."

ಬಕೆಟ್‌ಗಟ್ಟಲೆ ಸುರಿದೆ. ಕಾದ ತಾರಸಿ ಅಷ್ಟನ್ನೂ ಅಲ್ಲೇ ಕುಡಿದು ಆವಿ ಬಿಟ್ಟಿತು. ಬೇರೆ ದಾರಿ ಕಾಣದೆ ಪ್ಲಂಬರ್ ಸೆಲ್ವನನ್ನು ಕರೆಸಿದೆ.

"ಒಂದು ಲೀಕ್ ಆಗ್ಬೇಕು ಸೆಲ್ವ."

"ನಿಲ್ಲಿಸ್ಬೇಕಾ ಸಾರ್?"

"ನಿಲ್ಲಿಸೋದಲ್ಲಯ್ಯ. ಮಾಡ್ಬೇಕು."

ಸೆಲ್ವ ತಲೆ ಕೆರೆದುಕೊಂಡ. "ರಿಪೇರಿಗೆ ಹೋದಾಗ ತಾನಾಗೇ ಆಗೋಗುತ್ತೆ ಸಾರ್. ಬೇಕೂ ಅಂತ ಮಾಡಿ ಅಭ್ಯಾಸ ಇಲ್ಲ."

ಕೊನೆಗೆ ಟ್ಯಾಂಕಿನ ಬುಡದ ಜಾಯಿಂಟನ್ನು ಸ್ವಲ್ಪ ಸಡಿಲ ಮಾಡಿದ. ತೊಟ್ಟು ತೊಟ್ಟಾಗಿ ನೀರು ಬೀಳತೊಡಗಿತು. "ಇಷ್ಟು ಸಾಕು ಸಾರ್, ಕೈ ಹಾಕ್ಬೇಡಿ, ಪೈಪು ತುಕ್ಕು ಹಿಡಿದೈತೆ," ಎಂದು ಹೇಳಿ ಹೋದ.

ತೊಟ್ಟು ತೊಟ್ಟು! ವೈಟ್‌ಫೀಲ್ಡ್ ಮಟ್ಟದ ಕಲೆಗೆ ತೊಟ್ಟು ತೊಟ್ಟು ಸಾಲುತ್ತದೆಯೇ? ಮನೆಯಿಂದ ಸ್ಪ್ಯಾನರ್ ತಂದು ಇನ್ನೊಂದು ಚೂರು ತಿರುಗಿಸಿದೆ. ಕಟಕ್ ಎಂದಿತು. ನೋಡಿದರೆ ವಾಲ್ವು ನನ್ನ ಕೈಯಲ್ಲಿತ್ತು. ಪೈಪು ಟ್ಯಾಂಕಿನಲ್ಲಿರಲಿಲ್ಲ. ಬೆಳಗ್ಗೆಯಷ್ಟೇ ಟ್ಯಾಂಕರ್‌ನಿಂದ ತುಂಬಿಸಿದ್ದ ನೀರು ಹಗ್ಗ ಬಿಚ್ಚಿದ ಕೋಣದಂತೆ ಹೊರಗೆ ನುಗ್ಗಿತು.

ನಾನು ಮೊದಲು ಅಂಗೈ ಅಡ್ಡ ಇಟ್ಟೆ. ಆಮೇಲೆ ಬನಿಯನ್ ಬಿಚ್ಚಿ ತುರುಕಿದೆ. ಆಮೇಲೆ ನಾನೇ ಹೋಗಿ ಅದರ ಮೇಲೆ ಕೂತೆ. ನೀರು ನನ್ನನ್ನು ಪಕ್ಕಕ್ಕೆ ಸರಿಸಿ ತನ್ನ ದಾರಿ ಹಿಡಿಯಿತು. ಅರ್ಧ ನೀರು ಮೆಟ್ಟಿಲಿಗೆ, ಇನ್ನರ್ಧ ಬಿರುಕಿನಲ್ಲಿ ಸಂಜೋತಾಳ ಹಾಲ್‌ಗೆ. ಆಗ ನನಗೆ ನೆನಪಾಯಿತು. ಅವಳ ಚಿತ್ರಗಳೆಲ್ಲ ಆ ಗೋಡೆಗೇ ಒರಗಿಕೊಂಡಿವೆ!

ಅವಳು ಚೌಕಟ್ಟಿನ ಮರ ನೋಡಲು ಆನೇಕಲ್‌ಗೆ ಹೋಗಿದ್ದಳು. ಕೈಗೆ ಸಿಕ್ಕ ಬಟ್ಟೆ ತೊಟ್ಟುಕೊಂಡು, ಇನ್ನೊಂದು ಬೀಗದ ಕೈ ತಂದು ಬಾಗಿಲು ತೆಗೆದೆ. ಕೈಗೆ ಸಿಕ್ಕ ಬಟ್ಟೆ ಯಾವುದೆಂದರೆ ಆ ಹೊಸ ಬಿಳಿ ಶರ್ಟು. ಗೋಡೆಯಿಂದ ನೀರು ಝರಿಯಾಗಿ ಇಳಿಯುತ್ತಿತ್ತು. ಚಿತ್ರಗಳನ್ನು ಒಂದೊಂದಾಗಿ ಎದೆಗೆ ಅವುಚಿಕೊಂಡು ಕೆಳಗೆ ಸಾಗಿಸಿದೆ. ಸುಣ್ಣ ಮಣ್ಣಿನಲ್ಲಿ ಬರೆದದ್ದು, ನೆನೆದಿತ್ತು. ಕೆಳಗೆ ತಲುಪುವಾಗ ಕಾಗದ ಬೆಳ್ಳಗಾಗಿ, ಚಿತ್ರ ನನ್ನ ಎದೆಯ ಮೇಲೆ ಇರುತ್ತಿತ್ತು! ಒಂದರ ಮೇಲೊಂದರಂತೆ ಅಷ್ಟೂ ಚಿತ್ರ ನನ್ನ ಶರ್ಟಿನ ಮೇಲೇ ಪ್ರದರ್ಶನಗೊಂಡವು.

ನಡುವಿನ ಮಹಡಿಯ ಸಾಫ್ಟ್‌ವೇರ್ ಹುಡುಗ ಲ್ಯಾಪ್‌ಟಾಪನ್ನು ತಲೆಯ ಮೇಲೆತ್ತಿಕೊಂಡು ಹೊರಗೆ ಬಂದ. "ಅಂಕಲ್, ಮೀಟಿಂಗ್ ನಡೀತಿದೆ, ಸೀಲಿಂಗಿಂದ ನೀರು ಬೀಳ್ತಿದೆ!" ಎಂದ. ಅಷ್ಟರಲ್ಲಿ ಸ್ವಿಚ್‌ಬೋರ್ಡಿನಲ್ಲಿ ಚಟಪಟ ಎಂದು ಇಡೀ ಕಟ್ಟಡದ ಕರೆಂಟು ಹೋಯಿತು. ಮೀಟಿಂಗೂ ನಿಂತಿತು. ಕೆಳಗಿನಿಂದ ಜಯಮ್ಮನ ಕೂಗು ಕೇಳಿಸಿತು. ನೀರು ನಮ್ಮ ದೇವರ ಮನೆ ತಲುಪಿತ್ತು.

ಸಂಜೋತಾ ಬಂದಾಗ ನಾನು ಮೆಟ್ಟಿಲ ಮೇಲೆ ಕೂತಿದ್ದೆ. ಅವಳು ಖಾಲಿ ಕಾಗದಗಳನ್ನು ನೋಡಿದಳು. ಮೇಲೆ ಹೋಗಿ ಗೋಡೆ ನೋಡಿ ಬಂದಳು. ನಾನು ಪೆದ್ದುಪೆದ್ದಾಗಿ ಧೈರ್ಯ ಹೇಳಿದೆ.

"ಈಗ ಗೋಡೆ ಪೂರ್ತಿ ಐತೆ ತಾಯಿ. ಮೊದಲಿಗಿಂತ ಸಕ್ಕತ್ತಾಗಿ ಬಂದೈತೆ. ಎಷ್ಟು ಬೇಕಾದ್ರೂ ಬರ್ಕೋ."

"ಯಾರ್ ಹೇಳ್ಯಾರ್ರಿ ನಿಮಗ ಇದನ್ನ ಮಾಡಂತ?"

"ಒಣಗ್ತಾ ಐತೆ ಅಂದ್ಯಲ್ಲಮ್ಮ..."

"ಒಣಗೂದನ್ನ ಬರೀಬೇಕಂತ ಕುಂತಿದ್ದೆ ರೀ ನಾನು! ಅದು ಒಣಗೂದು ಮುಗೀಲಿ ಅಂತ ಕಾಯಾಕತ್ತಿದ್ದೆ. ತಾನ ಆದ್ರ ಅದು ಕಲೆ ಅಂಕಲ್. ನೀವು ಮಾಡಿದ್ರ ಅದು ನೀರ್ ಚೆಲ್ಲೂದು."

ಮೆಟ್ಟಿಲ ಮೇಲೆಯೇ ಕೂತು ಅತ್ತಳು. ಯಾವ ಬಾಡಿಗೆದಾರರ ಎದುರೂ ಮಾತು ನಿಲ್ಲಿಸದ ನಾನು, ಕಿವಿಗೆ ಹಿಡಿಯಲು ಫೋನೂ ಇಲ್ಲದೆ ಒದ್ದೆ ಶರ್ಟಿನ ತುದಿ ಹಿಂಡುತ್ತಾ ನಿಂತೆ. ಜಯಮ್ಮ ಬಂದು ಅವಳ ಪಕ್ಕದಲ್ಲಿ ಕೂತು ಬೆನ್ನು ಸವರಿದಳು. ನನ್ನ ಕಡೆ ತಿರುಗಿಯೂ ನೋಡಲಿಲ್ಲ.

ಪ್ರದರ್ಶನ ಮುಂದಕ್ಕೆ ಹೋಯಿತು. ಸಂಜೋತಾ ಕುಂದಲಹಳ್ಳಿ ಕಡೆ ಬೇರೆ ಮನೆ ಹಿಡಿದು ಹೋದಳು. ಅಡ್ವಾನ್ಸನ್ನು ಒಂದು ರೂಪಾಯಿ ಹಿಡಿಯದೆ ವಾಪಸ್ಸು ಕೊಟ್ಟೆ. ನನ್ನ ಜನ್ಮದಲ್ಲಿ ಅದೇ ಮೊದಲು. ಇಡೀ ಕಟ್ಟಡಕ್ಕೆ ಹೊಸ ಪೈಪು, ಹೊಸ ಗಾರೆ ಆಯಿತು. ಈಗ ಆ ಗೋಡೆ ಆಸ್ಪತ್ರೆಯ ಗೋಡೆಯಷ್ಟು ಬೆಳ್ಳಗಿದೆ. ಹೊಸ ಬಾಡಿಗೆದಾರರು ಅದಕ್ಕೆ ಟಿವಿ ತೂಗುಹಾಕಿದ್ದಾರೆ.

ಮಳೆಗಾಲ ಕಳೆದ ಮೇಲೆ ಅವಳಿಂದ ಪ್ರದರ್ಶನಕ್ಕೆ ಕರೆ ಬಂತು. ಬಂದದ್ದು ಜಯಮ್ಮನ ಫೋನಿಗೆ. ನಾನೂ ಹೊರಟೆ. ಬಾಗಿಲಲ್ಲಿ ಕೃತಜ್ಞತೆಯ ಬೋರ್ಡು ಇತ್ತು. ಮೇಲಿನಿಂದ ಕೆಳಗೆ ಓದಿದೆ. ಕೆಳಗಿನಿಂದ ಮೇಲಕ್ಕೂ ಓದಿದೆ. ಜಯಮ್ಮನ ಹೆಸರಿತ್ತು!

ಒಳಗೆ ಎಲ್ಲವೂ ಹೊಸ ಚಿತ್ರಗಳು. ನೀಲಿ, ಹಳದಿ, ಏನೇನೋ ಸುರುಳಿ. ನಮ್ಮ ಗೋಡೆಯ ಗುರುತೇ ಇಲ್ಲ. ಜನ ಸುತ್ತುಗಟ್ಟಿ ನಿಂತಿದ್ದರು. ಒಬ್ಬರು ಕೇಳಿದರು: "ಇವುಗಳ ಹಿಂದಿನ ಸ್ಫೂರ್ತಿ ಏನು ಮೇಡಂ?"

ಸಂಜೋತಾ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಜನರ ಹಿಂದೆ ನಿಂತ ನನ್ನನ್ನು ಕಂಡಳು. ಬಾಯಿ ಮುಚ್ಚಿದಳು.

"ಅದೊಂದು ಹೇಳಂಗಿಲ್ರಿ," ಎಂದು ನಕ್ಕಳು.

ಕಲಾವಿದೆಯ ಮೌನ ಎಷ್ಟು ಗಹನವಾದದ್ದು ಎಂದು ಅಲ್ಲಿದ್ದವರೆಲ್ಲ ತಲೆದೂಗಿದರು. ನಾನೂ ಎಲ್ಲರ ಜೊತೆ ತಲೆದೂಗಿದೆ. ಬೇರೇನು ಮಾಡುವುದು?

ಜಯಮ್ಮ ನನ್ನ ತೋಳು ಹಿಡಿದು ಬಾಗಿಲ ಕಡೆ ಎಳೆದಳು.

"ಬನ್ನಿ ಬನ್ನಿ, ಬೇಗ. ಅಲ್ಲಿ ಏಸಿಯಿಂದ ನೀರು ತೊಟ್ಟಿಕ್ತಾ ಐತೆ. ಆಮೇಲೆ ನೀವೇ ಮಾಡಿದ್ದು ಅಂತಾರೆ!"