ಕಡಲೆಬೀಜದ ಮೇಲೆ ಭಾವನ ಸಮರ

ನಮ್ಮ ಭಾವನಿಗೆ ಹುಚ್ಚು ಎಂದರೆ ಅಕ್ಕ ಬೇಜಾರು ಮಾಡಿಕೊಳ್ಳುತ್ತಾಳೆ. ಆದ್ದರಿಂದ ನಾನು ಹಾಗೆ ಹೇಳುವುದಿಲ್ಲ. ಆದರೆ ಕಡಲೆಬೀಜದ ಮೇಲೆ ಸಮರ ಸಾರಿ, ಅದನ್ನು ಆಂಧ್ರಪ್ರದೇಶದಲ್ಲಿ ನಿಂತು ಹೂಡುವ ಮನುಷ್ಯನನ್ನು ಏನೆಂದು ಕರೆಯಬೇಕೋ ನೀವೇ ಹೇಳಿ! ಇಲ್ಲಿ ಇಡ್ಲಿಗೂ ಪಲ್ಲಿ ಚಟ್ನಿ, ದೋಸೆಗೂ ಪಲ್ಲಿ ಚಟ್ನಿ. ಪಲ್ಲಿ ಎಂದರೆ ಕಡಲೆಬೀಜ. ಅದನ್ನು ಬೇಡ ಎಂದವನಿಗೆ ಜ್ವರ ಬಂದಿರಬೇಕು ಎಂದುಕೊಳ್ಳುವ ಜನ.

ತುಮಕೂರಿನಲ್ಲಿ ತಣ್ಣಗೆ ಬ್ಯಾಂಕಿನ ಕೆಲಸ ಮಾಡಿಕೊಂಡಿದ್ದವರನ್ನು ವಿಜಯವಾಡಕ್ಕೆ ವರ್ಗ ಮಾಡಿದ್ದರು. ಗವರ್ನರ್‌ಪೇಟೆಯಲ್ಲಿ ಮನೆ. ಅಲ್ಲಿ ಪಕ್ಕದ ಮನೆಯವರು ಮುದ್ದಿನಿಂದ ಕೊಟ್ಟ ಒಂದು ತುಂಡು ಚಿಕ್ಕಿಯನ್ನು ಪುಟ್ಟಿ, ಅಂದರೆ ಭಾವನ ಒಬ್ಬಳೇ ಮಗಳು, ಬಾಯಿಗೆ ಹಾಕಿಕೊಂಡಳು. ತುಟಿ ಊದಿತು, ಮೈಯೆಲ್ಲ ದದ್ದು, ಉಸಿರು ಸೀಟಿ ಹೊಡೆಯತೊಡಗಿತು. ಡಾಕ್ಟರು ಹೇಗೋ ಉಳಿಸಿಕೊಟ್ಟು, "ಇನ್ನು ಕಡಲೆಬೀಜ ಮುಟ್ಟಿಸಬೇಡಿ. ಮುಂದಿನ ಸಲ ಜೀವಕ್ಕೇ ಕುತ್ತು ಬರಬಹುದು" ಎಂದರು. ಬೇರೆ ಯಾವ ಅಪ್ಪನಾದರೂ ಹುಷಾರಾಗುತ್ತಿದ್ದ. ನಮ್ಮ ಭಾವ ಪೊಲೀಸ್ ನಾಯಿಯಾದರು.

ಮೊದಲು ಹೋಟೆಲು. ಸಪ್ಲೈಯರನ್ನು ಕರೆದು ತಮ್ಮ ತುಮಕೂರು ತೆಲುಗಿನಲ್ಲಿ, "ಚಟ್ನೀಲೋ ಪಲ್ಲೀಲು ಉನ್ನಾಯಾ?" ಎಂದು ಕೇಳಿದರು. ಆತ ಎದೆಯುಬ್ಬಿಸಿ, "ಬಾಗಾ ಉಂಟಾಯಿ ಸಾರ್! ಇಂಕೊಂಚೆಂ ವೇಯಮಂಟಾರಾ?" ಎಂದ. ಬೇಕಾದಷ್ಟಿದೆ, ಇನ್ನಷ್ಟು ಬೇಕಾದರೂ ಹಾಕಿಸುತ್ತೇನೆ ಎಂಬ ಔದಾರ್ಯ! ಭಾವ ಮಗಳನ್ನು ಎತ್ತಿಕೊಂಡು ಹೊರಗೆ ಓಡಿದ ರೀತಿಗೆ, ಅಡುಗೆಮನೆಗೆ ಬೆಂಕಿ ಬಿದ್ದಿದೆಯೆಂದು ಪಕ್ಕದ ಟೇಬಲ್ಲಿನವರೂ ಎದ್ದರಂತೆ.

ಆಮೇಲೆ ವಿಶಾಖಪಟ್ಟಣಕ್ಕೆ ವರ್ಗವಾಯಿತು. ನನ್ನ ಗ್ರಹಚಾರ, ನಾನಾಗಲೇ ಅಲ್ಲಿನ ಔಷಧಿ ಕಂಪನಿಯೊಂದಕ್ಕೆ ಸೇರಿ ಪೆಂಡುರ್ತಿಯಲ್ಲಿ ರೂಮು ಮಾಡಿದ್ದೆ. ಭಾನುವಾರ ಅಕ್ಕನ ಕೈಯೂಟದ ಆಸೆಗೆ ಎರಡು ಬಸ್ಸು ಹತ್ತಿ ಎಂವಿಪಿ ಕಾಲೋನಿಯ ಅವರ ಮನೆಗೆ ಬಂದರೆ ಬಾಗಿಲಲ್ಲೇ ತಪಾಸಣೆ.

"ಬೆಳಗ್ಗೆ ಏನು ತಿಂದೆಯಯ್ಯಾ?"

"ಉಪ್ಪಿಟ್ಟು, ಭಾವ."

"ಚಟ್ನಿ?"

"ಮುಟ್ಟಲಿಲ್ಲ."

"ಎಲ್ಲಿ, ಕೈ ತೋರಿಸು."

ಕೈ ಮೂಸುತ್ತಿದ್ದರು! ಸಂಬಂಧ ನೋಡಿ ಹೆಣ್ಣು ಕೊಟ್ಟ ಮನೆಯ ಗಂಡುಮಗ ನಾನು. ನನ್ನ ಕೈ ಮೂಸಿ, ಸೋಪು ಕೊಟ್ಟು, ಬಾಯಿ ಮುಕ್ಕಳಿಸಿ ಬಾ ಎಂದು ಬಚ್ಚಲಿಗೆ ಅಟ್ಟುತ್ತಿದ್ದರು. ಬೀಚಿಗೆ ಹೋದರಂತೂ ಮುಗಿಯಿತು. ಊರಿನ ಜನ ಸಮುದ್ರ ನೋಡುತ್ತಾರೆ; ಇವರು ಹುರಿದ ಕಡಲೆಬೀಜದ ಗಾಡಿ ಎಲ್ಲಿದೆ, ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಎಂದು ನೋಡುತ್ತಾರೆ. ಗಾಡಿ ಸರಿದಂತೆ ನಾವೂ ಸರಿದು ಸರಿದು, ಒಂದು ಸಂಜೆ ಮರಳಿನ ಮೇಲೆ ಕೂರಲೇ ಇಲ್ಲ.

ಪುಟ್ಟಿಯನ್ನು ಸ್ಕೂಲಿಗೆ ಸೇರಿಸುವಾಗ ನಿಜವಾದ ಮಹಾಭಾರತ ಶುರುವಾಯಿತು. ಪ್ರಿನ್ಸಿಪಾಲ್ ಮೇಡಂ ಎಲ್ಲ ಕೇಳಿಸಿಕೊಂಡು, "ಕೊಂಚೆಂ ಕೊಂಚೆಂ ಅಲವಾಟು ಚೇಯಂಡಿ, ಅದೇ ಪೋತುಂದಿ" ಎಂದು ನಕ್ಕರು. ಸ್ವಲ್ಪ ಸ್ವಲ್ಪ ಅಭ್ಯಾಸ ಮಾಡಿಸಿದರೆ ತಾನೇ ಹೋಗುತ್ತದಂತೆ!

"ಮೇಡಂ, ಹಾವು ಕಚ್ಚೋದನ್ನೂ ಹಾಗೇ ಅಭ್ಯಾಸ ಮಾಡಿಸ್ತೀರಾ?" ಎಂದರು ಭಾವ, ಕನ್ನಡದಲ್ಲೇ. ಸಿಟ್ಟು ಬಂದರೆ ಅವರಿಗೆ ತೆಲುಗು ಬರುವುದಿಲ್ಲ.

ಮರುದಿನ ಇಂಟರ್ನೆಟ್ ಸೆಂಟರಿನಿಂದ ಯಾವುದೋ ಪರದೇಶದ ಶಾಲೆಗಳ ಮಾರ್ಗಸೂಚಿಯನ್ನು ಪ್ರಿಂಟ್ ಹಾಕಿಸಿ ಕೊಟ್ಟುಬಂದರು. ಮೇಡಂ ಅದರ ಮೊದಲ ಸಾಲನ್ನಷ್ಟೇ ಓದಿರಬೇಕು. ಗೇಟಿನಲ್ಲಿ ದೊಡ್ಡ ಬೋರ್ಡು ಬಿತ್ತು: ಪೀನಟ್ ಬಟರ್ ಸ್ಯಾಂಡ್‌ವಿಚ್ ತರಬಾರದು! ಎಂವಿಪಿ ಕಾಲೋನಿಯಲ್ಲಿ ಆ ಪದಾರ್ಥವನ್ನು ಕಣ್ಣಾರೆ ಕಂಡವರು ಯಾರಿದ್ದರು? ಮಕ್ಕಳೆಲ್ಲ ಡಬ್ಬಿಗೆ ಇಡ್ಲಿ, ಪಲ್ಲಿ ಚಟ್ನಿ ತುಂಬಿಕೊಂಡು ಬೋರ್ಡಿನ ಕೆಳಗೇ ಒಳಗೆ ಹೋಗುತ್ತಿದ್ದರು. ನಿಯಮ ಅಷ್ಟು ಚೆನ್ನಾಗಿ ಪಾಲನೆಯಾದ ಶಾಲೆ ಪ್ರಪಂಚದಲ್ಲಿ ಇನ್ನೊಂದಿರಲಾರದು.

ಭಾವ ಬಿಡುವ ಪೈಕಿಯೇ? ಒಂದು ಶನಿವಾರ ಮಧ್ಯಾಹ್ನ ಟೀಚರುಗಳು, ಆಯಾಗಳು, ಪಿ.ಟಿ. ಮೇಷ್ಟ್ರು, ಕ್ಯಾಂಟೀನಿನವನು ಎಲ್ಲರನ್ನೂ ಕೂರಿಸಿ ತರಬೇತಿ ಕೊಟ್ಟರು. ತೆಲುಗು ತಿದ್ದಲೆಂದು ನನ್ನನ್ನೂ ಎಳೆದುಕೊಂಡು ಹೋಗಿದ್ದರು. ಚಟ್ನಿ ಕೂಡದು, ಚಿಕ್ಕಿ ಕೂಡದು, ಮಿಕ್ಸ್ಚರ್ ಕೂಡದು, ಹುಟ್ಟುಹಬ್ಬದ ಚಾಕೊಲೇಟೂ ಕೇಳದೆ ಕೊಡಕೂಡದು. ಇಷ್ಟು ಹೇಳಿ ಮುಗಿಸಿ, ಆ ಗಜಗಾತ್ರದ ಮನುಷ್ಯ "ಈಗ ನಾನೇ ಮಗು" ಎಂದು ನೆಲದ ಮೇಲೆ ಅಂಗಾತ ಬಿದ್ದುಕೊಂಡರು!

"ಕಾಲು ಎತ್ತಿ ಕುರ್ಚಿ ಮೇಲಿಡಿ! ನಡೆಸಬೇಡಿ! ನಿಂಬೆ ರಸ ಕುಡಿಸಬೇಡಿ! ದೃಷ್ಟಿ ತೆಗೀಬೇಡಿ! ಆಟೋ ಕರೀರಿ! ಆಸ್ಪತ್ರೆ ಬಾಗಿಲಲ್ಲೇ ಅಡ್ರಿನಾಲಿನ್ ಇಂಜೆಕ್ಷನ್ ಅಂತ ಕೂಗಿ!"

ಟೀಚರುಗಳು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ಪಿ.ಟಿ. ಮೇಷ್ಟ್ರು ಕಾಲೆತ್ತಲು ಹೋಗಿ ಸೊಂಟ ಹಿಡಿದುಕೊಂಡರು. ನಾನು ಗೋಡೆಯ ಮೇಲಿನ ಭೂಪಟದಲ್ಲಿ ತಲೆಮರೆಸಿಕೊಳ್ಳಲು ಒಂದು ದೇಶ ಹುಡುಕುತ್ತಿದ್ದೆ. ತಿಂಗಳಿಗೊಮ್ಮೆ ಬಂದು ಹೀಗೆ ಬೀಳುತ್ತಿದ್ದರು ಮಹಾನುಭಾವರು. ಅಂತೂ ಕ್ಲಾಸ್ ಟೀಚರಮ್ಮನಿಗೆ ಎಷ್ಟು ಬಾಯಿಪಾಠವಾಯಿತೆಂದರೆ, ಪುಟ್ಟಿಯ ಬೆಂಚಿನ ಮಕ್ಕಳ ಡಬ್ಬಿಯನ್ನು ಅವರೇ ತೆರೆದು ನೋಡತೊಡಗಿದರು.

ಆಮೇಲೆ ಶಾಲೆಯಲ್ಲಿ ಸರಸ್ವತಿ ಪೂಜೆ ಬಂತು. ಪೂಜೆ ಮುಗಿದ ಮೇಲೆ ದೊನ್ನೆಯಲ್ಲಿ ಪುಳಿಹೋರ, ನಮ್ಮ ಪುಳಿಯೋಗರೆಯ ತಮ್ಮ, ಹಂಚಿದರು. ಹಂಚಿದವರು ಅದೇ ಟೀಚರಮ್ಮ. ಪುಟ್ಟಿ, "ಟೀಚರ್, ಪಲ್ಲೀಲು" ಎಂದಳಂತೆ. "ಇದಿ ಪ್ರಸಾದಂ ತಲ್ಲೀ, ಏಮೀ ಕಾದು. ಕಳ್ಳಕದ್ದುಕುನಿ ತಿನು" ಎಂದರಂತೆ ಅವರು. ಪ್ರಸಾದ ಕಣಮ್ಮ, ಏನೂ ಆಗಲ್ಲ, ಕಣ್ಣಿಗೊತ್ತಿಕೊಂಡು ತಿನ್ನು. ಪುಟ್ಟಿ ಹಾಗೇ ಮಾಡಿದಳು.

ಫೋನು ಬಂದು ನಾನು ಆಸ್ಪತ್ರೆ ಮುಟ್ಟುವಷ್ಟರಲ್ಲಿ ಇಂಜೆಕ್ಷನ್ ಆಗಿತ್ತು. ತುಟಿ ಊದಿದ್ದೇ ತಡ, ಟೀಚರಮ್ಮ ಕೂಸನ್ನು ಮಲಗಿಸಿ ಕಾಲೆತ್ತಿ, ನಿಂಬೆಹಣ್ಣು ತಂದ ಆಯಾಳನ್ನು ಗದರಿಸಿ, ಆಟೋದಲ್ಲಿ ತೊಡೆಯ ಮೇಲೆ ಅಡ್ಡ ಹಾಕಿಕೊಂಡು ಬಂದಿದ್ದರು. ಆಸ್ಪತ್ರೆಯ ಬಾಗಿಲಲ್ಲಿ ಅವರು ಕೂಗಿದ ಕೂಗಿಗೆ ವಾರ್ಡಿನವರೆಲ್ಲ ಓಡಿಬಂದರಂತೆ. "ಇನ್ನು ಸ್ವಲ್ಪ ತಡವಾಗಿದ್ದರೆ ಕಷ್ಟವಿತ್ತು" ಎಂದರು ಡಾಕ್ಟರು.

ಟೀಚರಮ್ಮ ಗೋಡೆಗೊರಗಿ ಅಳುತ್ತಿದ್ದರು. ಭಾವ ಬ್ಯಾಂಕಿನಿಂದ ಬಂದರು. ಇವತ್ತು ಈಯಮ್ಮನ ಕಥೆ ಮುಗಿಯಿತು ಎಂದುಕೊಂಡೆ. ನನಗೂ ಅವರನ್ನು ಹರಿದು ತಿನ್ನುವಷ್ಟು ಕೋಪವಿತ್ತು. "ಅಷ್ಟು ಸಲ ಹೇಳಿದ್ರೂ ಬುದ್ಧಿ ಬೇಡ್ವಾ ಭಾವ ಇವರಿಗೆ?" ಎಂದೆ.

ಅಕ್ಕ ಮೆಲ್ಲಗೆ ಹೇಳಿದಳು: "ಪ್ರಸಾದ ಕೊಡಬೇಡಿ ಅಂತ ನಿನ್ನ ಭಾವನೂ ಒಂದಿನ ಹೇಳಲಿಲ್ಲ ಕಣೋ."

ನಿಜ. ಜಗತ್ತಿನ ತಿಂಡಿಯನ್ನೆಲ್ಲ ನಿಷೇಧಿಸಿದ ಮಹಾಶಯರಿಗೆ ಅದೊಂದು ಹೊಳೆದಿರಲಿಲ್ಲ. ಹೊಳೆಯುವುದಾದರೂ ಹೇಗೆ? ಏಕಾದಶಿಯಂದು ನಿಟ್ಟುಪವಾಸವಿದ್ದೂ ದೇವಸ್ಥಾನದಲ್ಲಿ ಕೊಟ್ಟದ್ದನ್ನು ಬಾಯಿಗೆ ಹಾಕಿಕೊಳ್ಳುವ ಮನುಷ್ಯ. ಅವರ ಪ್ರಕಾರವೂ ಪ್ರಸಾದ ತಿಂಡಿಯಲ್ಲ, ಅದರಿಂದ ಕೆಟ್ಟದ್ದಾಗುವುದೂ ಸಾಧ್ಯವಿಲ್ಲ. ಟೀಚರಮ್ಮನಿಗೂ ಅವರಿಗೂ ಆ ವಿಷಯದಲ್ಲಿ ಎಳ್ಳಷ್ಟೂ ವ್ಯತ್ಯಾಸವಿರಲಿಲ್ಲ.

ಸಂಜೆ ಪುಟ್ಟಿ ಕಣ್ಣು ಬಿಟ್ಟಳು. ಆ ಮಗುವಿಗೆ ಅರ್ಧ ಕನ್ನಡ, ಅರ್ಧ ತೆಲುಗು. ಊದಿದ ತುಟಿಯಲ್ಲೇ ಅಪ್ಪನನ್ನು ಕೇಳಿದಳು: "ನಾನ್ನಾ, ದೇವುಡಿಗೆ ನನ್ನ ಮೇಲೆ ಕೋಪನಾ? ಎಲ್ಲರೂ ಪ್ರಸಾದ ತಿಂದರು, ನನಗೊಬ್ಬಳಿಗೇ ಹಿಂಗ್ಯಾಕಾಯ್ತು?"

ಎಲ್ಲದಕ್ಕೂ ವಾದ ಹೂಡುವ, ಹುಟ್ಟಿದಾಗಿನಿಂದ ಯಾರೆದುರೂ ಸೋಲೊಪ್ಪದ ನಮ್ಮ ಭಾವ ಮಂಚದ ಪಕ್ಕ ಮಂಡಿಯೂರಿ, ಅವಳ ಪುಟ್ಟ ಕೈಯನ್ನು ತಮ್ಮ ಕೆನ್ನೆಗಿಟ್ಟುಕೊಂಡರು. ಅಯ್ಯೋ, ಎಷ್ಟು ಪಾಪದ ಮನುಷ್ಯ ಎಂದುಕೊಂಡೆ.

"ಇಲ್ಲ ಕಂದಾ, ದೇವರಿಗೆ ನೀನಂದ್ರೆ ತುಂಬಾ ಇಷ್ಟ" ಎಂದರು. "ಎಲ್ಲರಿಗೂ ಹೇಳಿದ್ದೆ, ದೇವರಿಗೆ ಹೇಳೋದನ್ನ ನಾನೇ ಮರೆತುಬಿಟ್ಟಿದ್ದೆ."