ಹೂಂ ಸಾಹೇಬರ ಕತ್ತು

ಎಲ್ಲದಕ್ಕೂ ಮೂಲ ಒಂದು ಹಾಳು ದಿಂಬು. ಅದರ ಮೇಲೆ ಅಡ್ಡಾದಿಡ್ಡಿ ಮಲಗಿ ಎದ್ದ ಕಾರ್ಯದರ್ಶಿಗಳಿಗೆ ಕತ್ತು ಹಿಡಿದುಕೊಂಡಿತು. ಅವತ್ತೇ ಮಂತ್ರಿಗಳ ಸಭೆ ಬೇರೆ. ಮಂತ್ರಿಗಳು ತಮ್ಮ ಹೊಸ ಯೋಜನೆಯನ್ನು ಬಣ್ಣಿಸುತ್ತಿದ್ದಾಗ ಮೇಜಿನ ಸುತ್ತಲಿನ ತಲೆಗಳೆಲ್ಲ ಮೇಲೆ ಕೆಳಗೆ ಆಡುತ್ತಿದ್ದವು, ಒಂದು ತಲೆ ಮಾತ್ರ ಕಂಬದ ಹಾಗೆ ನೆಟ್ಟಗಿತ್ತು. ಸಂಜೆಯ ಹೊತ್ತಿಗೆ ವರ್ಗಾವಣೆಯ ಆದೇಶ ಹೊರಬಿತ್ತು.

ಆ ತಲೆಯ ಪೂರ್ವಚರಿತ್ರೆ ನೋಡಿದ್ದರೆ ಮಂತ್ರಿಗಳು ಇಂಥ ಅನ್ಯಾಯ ಮಾಡುತ್ತಿರಲಿಲ್ಲ. ನೌಕರಿಗೆ ಸೇರಿದ ದಿನದಿಂದ ಅದು ಒಮ್ಮೆಯೂ ಅಡ್ಡಡ್ಡ ಆಡಿದ್ದಿಲ್ಲ. ಮೇಲಿನವರು ಎತ್ತು ಈಯಿತು ಅಂದರೆ ಉಳಿದವರು ಕೊಟ್ಟಿಗೆಗೆ ಕಟ್ಟು ಅನ್ನುತ್ತಾರೆ. ಇವರು ಹಾಲು ಕರೆಯುವುದಕ್ಕೆ ಟೆಂಡರನ್ನೇ ಕರೆಯುತ್ತಿದ್ದರು. ಸಚಿವಾಲಯದ ತುಂಬ ಅವರಿಗೆ ಹೂಂ ಸಾಹೇಬರು ಎಂದೇ ಹೆಸರು. ವರ್ಗ ಮಾಡಿದಾಗಲೂ ಹೂಂ ಎಂದು ಎದ್ದುಬಿಡುತ್ತಿದ್ದರು. ಆಮೇಲೆ ಹೆಂಡತಿಗೆ ಹೇಳುವ ಧೈರ್ಯ ಸಾಲದೆ, ಫೋನ್ ಆಫ್ ಮಾಡಿಕೊಂಡು ಕತ್ತಲಾಗುವವರೆಗೂ ಎಲ್ಲೆಲ್ಲೋ ಸುತ್ತುತ್ತಿದ್ದರು.

ಈ ಸಲ ಅದೂ ಆಗಲಿಲ್ಲ. ಮಾರನೆಯ ಬೆಳಿಗ್ಗೆ ತಿಂಡಿಗೆ ಕೂತಾಗ ಎದುರಿಗೆ ಹೆಂಡತಿ. ಕತ್ತು ತಿರುಗಿಸಿ ಮುಖ ತಪ್ಪಿಸೋಣವೆಂದರೆ ಕತ್ತು ಕೇಳಬೇಕಲ್ಲ. ವಿಷಯ ಬಾಯಿಂದ ಜಾರಿತು.

"ಎಲ್ಲಿಗೆ?" ಅಂದಳು ಹೆಂಡತಿ.

"ಉಪ್ಪಿನ ನಿಗಮಕ್ಕೆ. ಗಡಿ ಹತ್ರ."

ಅವಳು ಕಿಟಕಿಗಳ ಕಡೆ ನೋಡಿದಳು. ಹುದ್ದೆಯ ಜೊತೆಗೇ ಬರುವ ಆ ಸರ್ಕಾರಿ ಬಂಗಲೆಯ ಕಿಟಕಿಗಳು ಬಾಗಿಲಿಗಿಂತ ಎತ್ತರ. ಬೇಸಿಗೆಯಿಡೀ ಕೂತು ಹೊಲಿದ ಪರದೆಗಳು ಮೊನ್ನೆ ತಾನೇ ಅಲ್ಲಿ ನೇತಾಡತೊಡಗಿದ್ದವು.

"ಪ್ರತಿ ಮನೇಲೂ ಅಳತೆ ತಗೊಂಡು, ಹೊಲ್ದು, ನೇತುಹಾಕಿ ಸ್ಟೂಲಿಂದ ಕೆಳಗಿಳಿಯೋಷ್ಟರಲ್ಲಿ ನಿಮಗೆ ವರ್ಗ. ಎಲ್ಲಿಗೂ ಹೊಂದದ ಪರದೆಗಳೇ ಒಂದು ಟ್ರಂಕು ಆಗಿವೆ. ಈ ಸಲ ನಾನು ಒಂದು ಚಮಚಾನೂ ಕಟ್ಟಲ್ಲ."

"ಸರ್ಕಾರದ ಆದೇಶ ಕಣೇ."

"ಸರ್ಕಾರಕ್ಕೆ ಒಂದ್ಸಲ ಇಲ್ಲ ಅಂದು ನೋಡಿ. ಬಾಯೇನೂ ಸವೆದುಹೋಗಲ್ಲ."

ಆ ಮಾತು ನಾಟಿತು. ಹೊರಡುವ ಮುಂಚೆ ಕನ್ನಡಿ ನೋಡಿಕೊಂಡರೆ ಅಲ್ಲಿ ಕತ್ತು ಸೆಟೆಸಿ ನಿಂತಿದ್ದ ಮನುಷ್ಯನ ಮೇಲೆ ಅವರಿಗೇ ಒಂದಿಷ್ಟು ಗೌರವ ಹುಟ್ಟಿತು. ಸಾಕು, ಇನ್ನು ಏಳುವುದಿಲ್ಲ ಎಂದುಕೊಂಡರು.

ಏಳುವುದಿಲ್ಲ ಎಂದರೆ ಕುರ್ಚಿಯಿಂದ. ಸಚಿವಾಲಯದಲ್ಲಿ ಆದೇಶ ಎಷ್ಟೇ ಬರಲಿ, ಅಧಿಕಾರ ಕೈ ಬದಲಾಗುವ ಪದ್ಧತಿ ಒಂದೇ. ಹಳಬರು ಕುರ್ಚಿಯಿಂದ ಏಳಬೇಕು, ಹೊಸಬರು ಅದೇ ಕುರ್ಚಿಯಲ್ಲಿ ಕೂತು ಸಹಿ ಹಾಕಬೇಕು. ಅಲ್ಲಿಯವರೆಗೆ ಹೊಸಬರು ಬರೀ ಸಂದರ್ಶಕರು.

ಕಚೇರಿ ತೆರೆಯುತ್ತಲೇ ಹೊಸಬರು ಬಂದರು. ಮಂತ್ರಿಗಳ ಜೋಕಿಗೆ ಜೋಕು ಮುಗಿಯುವ ಮುಂಚೆಯೇ ನಗುವುದರಲ್ಲಿ ಹೆಸರಾದವರು. ಜೇಬಿನಲ್ಲಿದ್ದ ಪೆನ್ನು ಆಗಲೇ ಕೈಗೆ ಬಂದಿತ್ತು.

"ಏಳ್ತೀರಾ ಸಾರ್?"

"ಇಲ್ಲ."

ಬಾಗಿಲಲ್ಲಿ ನಿಂತಿದ್ದ ಮುದಿ ಜವಾನ ಕಿವಿ ಉಜ್ಜಿಕೊಂಡ. ಕಡತ ಹಿಡಿದು ನಿಂತಿದ್ದ ಉಪಕಾರ್ಯದರ್ಶಿ ಗಾಬರಿಯಿಂದ, "ಸಾರ್, ಹುಷಾರಾಗಿದ್ದೀರಾ?" ಎಂದ.

"ಇಷ್ಟು ಹುಷಾರಾಗಿ ನಾನು ಯಾವತ್ತೂ ಇರಲಿಲ್ಲ."

"ಆದೇಶ ಇದೆಯಲ್ಲ ಸಾರ್," ಎಂದರು ಹೊಸಬರು.

"ಇರಲಿ ಬಿಡಿ. ಕೂತವರದ್ದೇ ಜಾಗ, ಇದು ಇಲ್ಲಿನ ಪದ್ಧತಿ. ನಾನು ಕೂತಿದ್ದೀನಿ."

ಹೊಸಬರು ಎದುರಿನ ಕುರ್ಚಿಯಲ್ಲಿ ಕೂತು ಕಾಯತೊಡಗಿದರು. ಸುದ್ದಿ ಮಹಡಿಯಿಂದ ಮಹಡಿಗೆ ಹಬ್ಬಿತು. ಬುದ್ಧಿ ಹೇಳುವವರ ಸಾಲು ಶುರುವಾಯಿತು. ಹಣಕಾಸಿನವರು ಬಂದು ಪಿಂಚಣಿಯ ಮಾತೆತ್ತಿದರು. ಕಾನೂನಿನವರು ಹಾಗೂ ಸರಿ ಹೀಗೂ ಸರಿ ಎಂದು ಅಡ್ಡಗೋಡೆ ಮೇಲೆ ದೀಪ ಇಟ್ಟು ಹೋದರು. ಉಪಕಾರ್ಯದರ್ಶಿಯಂತೂ ಕಿವಿಯ ಹತ್ತಿರ ಬಗ್ಗಿ, "ಒಂದೇ ಒಂದ್ಸಲ ತಲೆ ಆಡ್ಸಿಬಿಡಿ ಸಾರ್, ಮಂತ್ರಿಗಳಿಗೆ ನಾನು ಹೇಳ್ತೀನಿ," ಎಂದು ಗೋಗರೆದ.

"ಆಡ್ಸೋದಕ್ಕೆ ಆಗಲ್ಲಪ್ಪ," ಎಂದರು ಸಾಹೇಬರು. ಅದು ಅಪ್ಪಟ ಸತ್ಯವಾಗಿತ್ತು. ಆದರೆ ಕೇಳಿದವರು ಹೊರಗೆ ಹೋಗಿ, ಸಾಹೇಬರ ಛಲವೇ ಛಲ ಎಂದು ಹೇಳಿಕೊಂಡರು.

ಮಂತ್ರಿಗಳ ಕಡೆಯಿಂದ ಒಂದರ ಹಿಂದೊಂದು ಕರೆ ಬರತೊಡಗಿತು. ಆ ದನಿ ಕೇಳಿದರೆ ಅಭ್ಯಾಸಬಲದಿಂದ ಹೂಂ ಅಂದುಬಿಟ್ಟೇನು ಎಂಬ ಭಯ ಅವರಿಗೆ. ಮೇಜಿನ ಫೋನಿನ ತಂತಿ ಕೀಳಿಸಿದರು, ಜೇಬಿನ ಫೋನ್ ಆಫ್ ಮಾಡಿದರು. ಈಗ ಬರಲಿ ನೋಡೋಣ ಎಂದು ಕೈಕಟ್ಟಿ ಕೂತರು.

ಹೊಸಬರು ಮಾತ್ರ ಯಾಕೋ ಬಹಳ ಮೆತ್ತಗಾಗಿದ್ದರು. "ಪಾಪ, ಸಾಹೇಬರಿಗೆ ಟೀ ಕೊಡ್ರಪ್ಪ," ಎಂದರು. ಒಂದು ಲೋಟ ಬಂತು. ಸ್ವಲ್ಪ ಹೊತ್ತಿಗೆ ಇನ್ನೊಂದು. ಶತ್ರುವಿನ ಒಳ್ಳೆಯತನಕ್ಕೆ ಸಾಹೇಬರ ಮನಸ್ಸು ಕರಗಿತು. ಬಂದ ಲೋಟವನ್ನೆಲ್ಲ ಖಾಲಿ ಮಾಡಿದರು. ಹೊಸಬರು ಗಡಿಯಾರ ನೋಡುತ್ತ ಮುಗುಳ್ನಗುತ್ತಿರುವುದು ಯಾಕೆಂದು ತಿಳಿಯುವ ಹೊತ್ತಿಗೆ ಕಾಲ ಮಿಂಚಿತ್ತು. ಶೌಚಾಲಯ ಇದ್ದದ್ದು ಕಾರಿಡಾರಿನ ಆ ತುದಿಯಲ್ಲಿ.

ಸಾಹೇಬರು ಕಾಲು ಮೇಲೆ ಕಾಲು ಹಾಕಿದರು. ಬದಲಿಸಿದರು. ಹಣೆಯ ಮೇಲೆ ಬೆವರೊಡೆಯಿತು.

"ಏನಾದ್ರೂ ತೊಂದ್ರೆನಾ ಸಾರ್?" ಎಂದು ಹೊಸಬರು ಅರ್ಧ ಎದ್ದು ನಿಂತರು.

ಆಗ ಬಾಗಿಲಲ್ಲಿದ್ದ ಮುದಿ ಜವಾನ ಕೆಮ್ಮಿ, "ಕುರ್ಚಿಗೆ ಚಕ್ರ ಇದೆ ಸಾಹೇಬ್ರೆ," ಎಂದ.

ಮುಂದೆ ನಡೆದದ್ದನ್ನು ಆ ಕಟ್ಟಡ ಬಹುಕಾಲ ಮರೆಯಲಾರದು. ಜವಾನ ತಳ್ಳುತ್ತಿದ್ದಾನೆ, ಕುರ್ಚಿ ಗಡಗಡ ಸದ್ದು ಮಾಡುತ್ತ ಕಾರಿಡಾರಿನಲ್ಲಿ ಓಡುತ್ತಿದೆ, ಹಿಂದೆ ಪೆನ್ನು ಹಿಡಿದ ಹೊಸಬರು, ಅವರ ಹಿಂದೆ ಇಲಾಖೆಯ ಇಲಾಖೆಯೇ. ಕತ್ತು ಹಿಡಿದಿದ್ದರಿಂದ ಸಾಹೇಬರು ಎಡಬಲ ನೋಡದೆ ಮೆರವಣಿಗೆಯ ಮಹಾರಾಜನಂತೆ ನೆಟ್ಟಗೆ ಕೂತಿದ್ದರು. ಕುರ್ಚಿ ಸಮೇತ ಒಳಗೆ ಹೋದರು. ಚಿಲಕ ಬಿತ್ತು. ಅದೇ ವೈಭವದಲ್ಲಿ ಹೊರಬಂದಾಗ ಗುಮಾಸ್ತರು ಚಪ್ಪಾಳೆ ತಟ್ಟಿದರು. ಸಾಹೇಬರ ಕಣ್ಣು ಒದ್ದೆಯಾಯಿತು. ತಮಗೆ ಯಾರಾದರೂ ಚಪ್ಪಾಳೆ ತಟ್ಟಿದ್ದು ಅವರಿಗೆ ನೆನಪಿರಲಿಲ್ಲ.

ಹೊಸಬರ ಮುಖ ಸಪ್ಪಗಾಯಿತು. ಯಾರಿಗೋ ಫೋನ್ ಮಾಡಿದರು, ತಲೆದೂಗಿದರು, ಸದ್ದಿಲ್ಲದೆ ಜಾಗ ಖಾಲಿ ಮಾಡಿದರು. ಓಡಿಹೋದ ಎಂದುಕೊಂಡರು ಸಾಹೇಬರು.

ಸಂಜೆಗೆ ಮುಖ್ಯ ಕಾರ್ಯದರ್ಶಿಗಳೇ ಬಂದರು. ಕಾರಿಡಾರಿನ ಸವಾರಿಯ ಫೋಟೋ ಆಗಲೇ ಊರೆಲ್ಲ ಸುತ್ತುತ್ತಿತ್ತು. "ಮರ್ಯಾದೆ ಹೋಯ್ತು ಮಾರಾಯ," ಎಂದು ನಿಟ್ಟುಸಿರುಬಿಟ್ಟರು. "ನಿನ್ನ ಆದೇಶ ರದ್ದಾಗಿದೆ. ಇಲ್ಲೇ ಇರು. ಆದ್ರೆ ಇನ್ನೊಂದ್ಸಲ ಹೀಗೆ ಮಾಡ್ಬೇಡ, ಆಯ್ತಾ?"

ಸಾಹೇಬರು ತಲೆಯಾಡಿಸಲಿಲ್ಲ.

ಗೆದ್ದರೂ ಅವರಿಗೆ ಧೈರ್ಯ ಬರಲಿಲ್ಲ. ಬೆಳಿಗ್ಗೆ ಬರುವಷ್ಟರಲ್ಲಿ ಇನ್ಯಾರಾದರೂ ಕೂತುಬಿಟ್ಟರೆ? ಕುರ್ಚಿಯನ್ನು ಜವಾನನ ಕೈಲಿ ಕಾರಿನ ಮೇಲೆ ಕಟ್ಟಿಸಿಕೊಂಡೇ ಮನೆಗೆ ಹೊರಟರು. ಹೆಂಡತಿ ಏನನ್ನಬಹುದು ಎಂದು ದಾರಿಯುದ್ದಕ್ಕೂ ಊಹಿಸಿ ಖುಷಿಪಟ್ಟರು.

ಹೆಂಡತಿ ಬಂಗಲೆಯ ಅಂಗಳದಲ್ಲಿ ನಿಂತಿದ್ದಳು, ಕೈಯಲ್ಲೊಂದು ಚೀಲ. "ಎಷ್ಟು ತಡ. ಲಾರಿ ಆಗ್ಲೇ ಹೊರಟುಹೋಯ್ತು," ಎಂದಳು.

"ಯಾವ ಲಾರಿ?"

"ನಮ್ಮ ಸಾಮಾನಿನ ಲಾರಿ. ಉಪ್ಪಿನ ನಿಗಮಕ್ಕೆ."

ಸಾಹೇಬರು ಕಾರಿನ ಬಾಗಿಲು ಹಿಡಿದುಕೊಂಡರು. "ಒಂದು ಚಮಚಾನೂ ಕಟ್ಟಲ್ಲ ಅಂದಿದ್ದೆಯಲ್ಲೇ?"

"ಅಂದಿದ್ದೆ. ಮಧ್ಯಾಹ್ನ ಏನಾಯ್ತು ಅಂತ ಕೇಳೋಣ ಅಂದ್ರೆ ನಿಮ್ಮ ಫೋನ್ ಆಫ್. ಮದುವೆ ಆದಾಗಿಂದ ನೋಡ್ತಿದ್ದೀನಿ, ಹೂಂ ಅಂದು ಬಂದು ನಂಗೆ ಮುಖ ತೋರ್ಸೋಕೆ ಆಗ್ದಿದ್ದಾಗ್ಲೇ ನೀವು ಫೋನ್ ಆಫ್ ಮಾಡೋದು. ಇನ್ನೇನು ಮಾಡ್ಲಿ, ಪರದೆ ಒಂದು ಬಿಟ್ಟು ಎಲ್ಲ ಕಟ್ಟಿದೆ. ಹೊಸಬರ ಹೆಂಡತಿ ಸಾಮಾನು ತಂದ್ರು, ಬೀಗದ ಕೈ ಕೊಟ್ಟೆ."

"ನಾನು ಏಳಲಿಲ್ಲ ಕಣೇ," ಎಂದರು ಸಾಹೇಬರು. "ಬೆಳಿಗ್ಗೆಯಿಂದ ಏಳಲಿಲ್ಲ. ಆದೇಶ ರದ್ದಾಯ್ತು."

ಅವಳು ಗಂಡನನ್ನು ನೋಡಿದಳು, ಕಾರಿನ ಮೇಲಿದ್ದ ಕುರ್ಚಿಯನ್ನು ನೋಡಿದಳು. "ನೀವಾ?" ಎಂದಳು. ಕಣ್ಣು ತುಂಬಿಕೊಂಡಿತು, ಅದರ ಹಿಂದೆಯೇ ನಗುವೂ ಬಂತು. "ನಿಜವಾಗ್ಲೂ ನೀವಾ?"

ಸಾಹೇಬರು ಬಿರಬಿರನೆ ಹೋಗಿ ಬಾಗಿಲು ತಳ್ಳಿದರು. ಹಜಾರದ ನಡುವೆ ಹೊಚ್ಚಹೊಸ ಸೋಫಾ. ಅದರ ಮೇಲೆ ಚಪ್ಪಲಿ ಬಿಟ್ಟು, ಚಕ್ಕಳಮಕ್ಕಳ ಹಾಕಿಕೊಂಡು ಹೊಸಬರು.

"ಆದೇಶ ರದ್ದಾಗಿದೆ. ಏಳಿ," ಎಂದರು ಸಾಹೇಬರು.

"ಇಲ್ಲ ಸಾರ್," ಎಂದರು ಹೊಸಬರು, ಬಹಳ ವಿನಯದಿಂದ. "ಕೂತವರದ್ದೇ ಜಾಗ. ಬೆಳಿಗ್ಗೆ ನೀವೇ ಕಲಿಸಿದ್ದು."

ಸಾಹೇಬರು ಅಂಗಳಕ್ಕೆ ಮರಳುವಷ್ಟರಲ್ಲಿ ಒಳಗಿನಿಂದ ಯಾರೋ ಪರದೆಗಳನ್ನು ಎಳೆದರು. ಅಳತೆ ಎಷ್ಟು ಸರಿಯಾಗಿತ್ತೆಂದರೆ ಒಂದು ಎಳೆ ಬೆಳಕೂ ಹೊರಗೆ ಬೀಳಲಿಲ್ಲ.

ಹೆಂಡತಿ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ತಾನೇ ಹಗ್ಗ ಬಿಚ್ಚಿ ಕುರ್ಚಿಯನ್ನು ಇಳಿಸಿಕೊಂಡು, ಬಾಗಿಲಿಗೆ ಅಡ್ಡವಾಗಿ ಎಳೆದುಹಾಕಿ, ಅದರಲ್ಲಿ ಗಟ್ಟಿಯಾಗಿ ಕೂತಳು.

"ನನ್ನ ಪರದೆ ಇರೋ ಮನೆ ಇದು. ಅವರು ಏಳೋ ತನಕ ನಾನೂ ಏಳಲ್ಲ," ಎಂದಳು. "ನೀವು ಇಲ್ಲೇ ನನ್ನ ಪಕ್ಕ ನಿಂತಿರ್ಬೇಕು. ನಾಳೆ ಆಫೀಸಿಗೆ ಈ ಕುರ್ಚಿನೂ ಇಲ್ಲ, ನೀವೂ ಇಲ್ಲ. ತಿಳೀತಾ?"

ಕತ್ತಿನಲ್ಲಿ ಲಟಕ್ಕೆಂದು ಏನೋ ಸರಿಹೋಯಿತು.

"ಹೂಂ," ಎಂದು ಸಾಹೇಬರು ತಲೆಯಾಡಿಸಿದರು.